ಲ್ಯಾಬ್ರಡಾರ್ ಅನ್ನ ಬಿಟ್ಟರೆ ಕಾಯಬೇಡಿ

ಲ್ಯಾಬ್ರಡಾರ್ ಸಾಕಿದವರು ಬೇರೆ ಏನನ್ನು ಮರೆತರೂ ಇದೊಂದನ್ನು ಮರೆಯಬಾರದು. ಆ ಜಾತಿಯ ನಾಯಿ ಅನ್ನ ಬಿಟ್ಟಿತು ಅಂದರೆ ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ‘ನಾಳೆ ನೋಡೋಣ’ ಅನ್ನುವ ಮಾತೇ ಬೇಡ. ಊರುನಾಯಿಗಳು, ಪಮೇರಿಯನ್‌ಗಳು ಸೆಖೆಗೋ ಬೇಸರಕ್ಕೋ ಒಂದು ಹೊತ್ತು ಊಟ ಬಿಡುವುದುಂಟು. ಲ್ಯಾಬ್ರಡಾರ್ ಬಿಡುವುದು ತೀರಾ ಅಪರೂಪ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದಕ್ಕೊಂದು ಕಾರಣವನ್ನೂ ತೋರಿಸಿದ್ದಾರೆ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ಗೆ ಪಿಒಎಂಸಿ ಎಂಬ ಜೀನ್‌ನ ಒಂದು ತುಣುಕೇ ಇರುವುದಿಲ್ಲ. ಹೊಟ್ಟೆ ತುಂಬಿತು ಎಂದು ಮಿದುಳಿಗೆ ತಿಳಿಸುವ ಕೆಲಸದಲ್ಲಿ ಆ ಜೀನ್‌ಗೆ ಪಾಲಿದೆ. ಹಸಿವು ಆರದೇ ಇರುವುದು ಇವುಗಳಲ್ಲಿ ಹಲವಕ್ಕೆ ಹುಟ್ಟಿನಿಂದಲೇ ಬಂದ ಗುಣ. ಅಂಥ ನಾಯಿ ತಟ್ಟೆಯನ್ನು ಮೂಸಿ ಮುಖ ತಿರುಗಿಸಿತು ಅಂದರೆ ಒಳಗೆ ದೊಡ್ಡದೇನೋ ಕೆಟ್ಟಿರಬಹುದು ಅಂತಲೇ ತಿಳಿಯಬೇಕು.

ಇದನ್ನು ನಾನು ಅವತ್ತೇ ಹೇಳಿದ್ದೆ. ನಮ್ಮ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಳಗಿನ ಊರು. ಏಪ್ರಿಲ್ ತಿಂಗಳು. ನಮ್ಮ ಲ್ಯಾಬ್ರಡಾರ್ ಜೂಲಿಗೆ ಆಗ ಐದು ವರ್ಷ. ಬೆಳಿಗ್ಗೆ ಹಾಕಿದ ಅನ್ನ, ಮೊಟ್ಟೆ ಹಾಗೇ ಇತ್ತು. ಕಿವಿಯ ಒಳಭಾಗ ಮುಟ್ಟಿದರೆ ಸುಡುತ್ತಿತ್ತು. ಥರ್ಮಾಮೀಟರ್ ಇಟ್ಟು ನೋಡಿದೆ, 104. ನಾಯಿಯ ಮೈಬಿಸಿ ಸಹಜವಾಗಿಯೇ ನಮಗಿಂತ ಹೆಚ್ಚು, 101ರಿಂದ 102.5ರವರೆಗೆ ಇರುತ್ತದೆ. ಅದರ ಮೇಲೆ ಹೋದರೆ ಜ್ವರ. ‘ಶಿವಮೊಗ್ಗಕ್ಕೆ ಕರೆದುಕೊಂಡು ಹೋಗೋಣ, ರಕ್ತ ಪರೀಕ್ಷೆ ಮಾಡಿಸೋಣ’ ಅಂದೆ. ಭಾವ ಜಗಲಿಯಲ್ಲಿ ಕೂತಿದ್ದವರು ಎದ್ದೂ ಬರಲಿಲ್ಲ.

‘ನಾಯಿಗೆ ಎಂಥ ರಕ್ತ ಪರೀಕ್ಷೆ ಮಾರಾಯ್ತಿ? ಒಂದು ದಿನ ಉಪವಾಸ ಬಿದ್ರೆ ಹೊಟ್ಟೆ ತಾನಾಗೇ ಸರಿ ಆಗ್ತದೆ. ನಾವು ಎಷ್ಟು ನಾಯಿ ಸಾಕಿಲ್ಲ?’

ಸಾಕಿದ್ದಾರೆ, ನಿಜ. ತೋಟ ಕಾಯುವ ನಾಯಿಗಳು. ಅವು ಎಷ್ಟು ವರ್ಷ ಬದುಕಿದವು, ಯಾಕೆ ಸತ್ತವು ಎಂದು ಆ ಮನೆಯಲ್ಲಿ ಯಾರೂ ಲೆಕ್ಕ ಇಟ್ಟಿಲ್ಲ. ನಮ್ಮವರಿಗೆ ಅಣ್ಣನ ಮಾತು ಮೀರುವ ಅಭ್ಯಾಸ ಇಲ್ಲ. ಕಾರಿನ ಕೀಲಿ ಗೋಡೆಯ ಮೇಲೇ ಉಳಿಯಿತು. ನಾನು ದನಕ್ಕೆ ಹುಲ್ಲು ಹಾಕಿ ಬರುವಷ್ಟರಲ್ಲಿ ಭಾವ ತಮ್ಮ ಮಂಡಿನೋವಿಗೆಂದು ಇಟ್ಟುಕೊಂಡಿದ್ದ ಮಾತ್ರೆಯನ್ನು ಜೂಲಿಯ ಬಾಯಿ ಬಿಡಿಸಿ ನುಂಗಿಸಿಯೂ ಆಗಿತ್ತು. ಮನುಷ್ಯರ ನೋವಿನ ಮಾತ್ರೆ ನಾಯಿಗೆ ವಿಷಕ್ಕೆ ಸಮ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಇಂಥ ಮಾತ್ರೆಗಳು ರಕ್ತ ಹೆಪ್ಪುಗಟ್ಟುವುದಕ್ಕೂ ಅಡ್ಡ ಬರುತ್ತವೆ. ರಕ್ತಸ್ರಾವದ ಅಂಚಿನಲ್ಲಿ ನಿಂತಿದ್ದ ನಾಯಿಗೆ ಅವರು ಕೊಟ್ಟದ್ದು ಅದನ್ನು.

ಮಾರನೆಯ ದಿನ ಹಟ ಹಿಡಿದು ಹತ್ತಿರದ ಪೇಟೆಯಲ್ಲಿ ಖಾಸಗಿಯಾಗಿ ನೋಡುವ ಒಬ್ಬ ಡಾಕ್ಟರ ಹತ್ತಿರ ಒಯ್ದೆವು. ಮೇಜಿನ ಮೇಲೆ ಹತ್ತಿಸಲಿಲ್ಲ, ಒಸಡು ನೋಡಲಿಲ್ಲ, ಹೊಟ್ಟೆಯ ಚರ್ಮ ನೋಡಲಿಲ್ಲ. ಎರಡು ಇಂಜೆಕ್ಷನ್ ಚುಚ್ಚಿದರು. ‘ಮೈಮೇಲೆ ಉಣುಗು ಇತ್ತು ಡಾಕ್ಟ್ರೇ, ಪ್ಲೇಟ್‌ಲೆಟ್ ನೋಡಿಸಬೇಕಾ?’ ಎಂದು ಕೇಳಿದೆ. ‘ಎಲ್ಲದಕ್ಕೂ ಟೆಸ್ಟು ಅಂದ್ರೆ ಆಗ್ತದಾ ಅಮ್ಮ? ನೀವು ಮೊಬೈಲ್‌ನಲ್ಲಿ ನೋಡಿಕೊಂಡು ಬರ್ತೀರಿ’ ಅಂದರು. ಜ್ವರ ಇಳಿಯಿತು. ಸಂಜೆ ಜೂಲಿ ಸ್ವಲ್ಪ ಮೊಸರನ್ನ ತಿಂದಳು. ‘ನೋಡಿದ್ಯಾ?’ ಅಂದರು ಭಾವ.

ಉಣುಗು ಜ್ವರದ ಮೋಸ ಇರುವುದೇ ಇಲ್ಲಿ. ಇದನ್ನು ತರುವ ಎರ್ಲಿಕಿಯಾ ಎಂಬ ಸೂಕ್ಷ್ಮಾಣು ರಕ್ತದ ಬಿಳಿಕಣದೊಳಗೆ ಅಡಗುತ್ತದೆ. ಉಣುಗು ಕಚ್ಚಿ ಒಂದರಿಂದ ಮೂರು ವಾರದೊಳಗೆ ಜ್ವರ, ಸುಸ್ತು, ಊಟ ಬಿಡುವುದು ಶುರುವಾಗುತ್ತದೆ. ಆಮೇಲೆ ಔಷಧಿಯೇ ಇಲ್ಲದೆಯೂ ಎಷ್ಟೋ ನಾಯಿಗಳು ಮೇಲ್ನೋಟಕ್ಕೆ ಚೇತರಿಸಿಕೊಳ್ಳುತ್ತವೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಆಡಿಕೊಂಡೇ ಇರುತ್ತವೆ. ಒಳಗೆ ಪ್ಲೇಟ್‌ಲೆಟ್ ಕುಸಿಯುತ್ತಿರುತ್ತದೆ. ಕೊನೆಗೆ ಕಾಯಿಲೆ ಮೂಳೆಯ ಮಜ್ಜೆಗೆ ಹೋದರೆ ಬದುಕಿಸುವುದು ಬಹಳ ಕಷ್ಟ. ಒಂದು ಇಂಜೆಕ್ಷನ್ನಿಗೆ ಜ್ವರ ಇಳಿಯಿತು ಎಂದು ಸಮಾಧಾನ ಪಡುವ ಮನೆಗಳಲ್ಲಿ ಈ ಕಾಯಿಲೆ ನಾಯಿಗಳನ್ನು ಕೊಲ್ಲುತ್ತದೆ. ಈ ಮಾತನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಆ ರಾತ್ರಿ ಕರೆಂಟ್ ಹೋಗಿತ್ತು. ಜಗಲಿಯ ಮೂಲೆಯಲ್ಲಿ ಜೂಲಿ ಸೀನಿದ ಶಬ್ದ ಕೇಳಿತು, ಒಂದಾದ ಮೇಲೊಂದು. ಟಾರ್ಚ್ ಹಾಕಿದೆ. ಸುಣ್ಣದ ಗೋಡೆಯ ಮೇಲೆ, ಗೋಣಿಯ ಮೇಲೆ, ಅವಳ ಮುಂಗಾಲಿನ ಮೇಲೆ ರಕ್ತ. ಎಡ ಮೂಗಿನಿಂದ ಬಿಡದೆ ಇಳಿಯುತ್ತಿತ್ತು. ನಾನು ಹತ್ತಿರ ಹೋದದ್ದು ಕಂಡು ಬಾಲ ಆಡಿಸಿದಳು, ಆಡಿಸುತ್ತಲೇ ಮತ್ತೆ ಸೀನಿದಳು. ನನ್ನ ಮುಖ, ಸೀರೆ ಎಲ್ಲ ರಕ್ತವಾಯಿತು. ತುಟಿ ಎತ್ತಿ ನೋಡಿದರೆ ಒಸಡು ಕಾಗದದ ಬಿಳಿ. ಹೊಟ್ಟೆಯ ಕೂದಲಿಲ್ಲದ ಚರ್ಮದ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು, ಅಲ್ಲಲ್ಲಿ ನೀಲಿಗಟ್ಟಿದ ಕಲೆ. ಚರ್ಮದ ಕೆಳಗೆ ರಕ್ತ ಸೋರುತ್ತಿರುವ ಗುರುತು ಅದು. ಡಾಕ್ಟರು ಒಂದು ಸಲ ಮಗುಚಿ ನೋಡಿದ್ದರೆ ಬಹುಶಃ ಹಗಲಿನಲ್ಲೇ ಕಂಡಿರುತ್ತಿತ್ತು.

ಈ ಬಾರಿ ನಾನು ಯಾರನ್ನೂ ಕೇಳಲಿಲ್ಲ. ಕೀಲಿ ತೆಗೆದು ನಮ್ಮವರ ಕೈಗೆ ಕೊಟ್ಟೆ. ‘ನೀವು ಬಿಡ್ತೀರೋ, ನಾನೇ ಬಿಡಬೇಕೋ?’ ಅಂದೆ. ಮಾತಾಡದೆ ಎದ್ದು ಬಂದರು. ಭಾವ ಒಳಗಿನಿಂದ ಏನೋ ಅಂದರು, ನಿಲ್ಲಲಿಲ್ಲ.

ಹಿಂದಿನ ಸೀಟಿನಲ್ಲಿ ಮೂವತ್ತೊಂದು ಕಿಲೋದ ನಾಯಿ ನನ್ನ ತೊಡೆಯ ಮೇಲೆ. ಐಸ್ ತುಂಡನ್ನು ಟವೆಲಿನಲ್ಲಿ ಸುತ್ತಿ ಮೂಗಿನ ಮೇಲ್ಭಾಗಕ್ಕೆ ಒತ್ತಿ ಹಿಡಿದಿದ್ದೆ. ಅದು ಸರಿಯಾದ ಕ್ರಮ, ತಲೆಯನ್ನು ಮಾತ್ರ ಮೇಲಕ್ಕೆ ಎತ್ತಿ ಹಿಡಿಯಬಾರದು, ರಕ್ತ ಗಂಟಲಿಗೆ ಇಳಿಯುತ್ತದೆ. ಜೋರಾಗಿ ಮಾತಾಡಬಾರದು, ನಾಯಿ ಗಾಬರಿಯಾದಷ್ಟೂ ರಕ್ತ ಹೆಚ್ಚು ಹೋಗುತ್ತದೆ. ಮಂಡಗದ್ದೆ ದಾಟಿದರೂ ಫೋನಿಗೆ ಸಿಗ್ನಲ್ಲೇ ಇಲ್ಲ. ಒಂದು ಕಡೆ ಕಾಡು, ಇನ್ನೊಂದು ಕಡೆ ತುಂಗೆ, ತಿರುವಿನ ಮೇಲೆ ತಿರುವು. ಅವಳ ಉಸಿರು ಎಣಿಸುತ್ತಾ ಕೂತಿದ್ದೆ. ನಡುವೆ ಒಮ್ಮೆ ಉಸಿರು ನಿಂತೇ ಹೋಯಿತೇನೋ ಅನ್ನಿಸಿ ಹೆಸರು ಹಿಡಿದು ಕರೆದೆ, ಕಣ್ಣು ತೆರೆದಳು. ‘ಬೇಗ ಬಿಡಿ’ ಅಂದರೆ ನಮ್ಮವರು ‘ಬಿಡ್ತಾ ಇದೀನಲ್ಲ’ ಅಂದರು, ಅವರ ಗಂಟಲೂ ಕಟ್ಟಿತ್ತು. ಸಕ್ರೆಬೈಲು ದಾಟುವಾಗ ಸಿಗ್ನಲ್ ಬಂತು. ಶಿವಮೊಗ್ಗದಲ್ಲಿ ನಾಯಿ ಸಾಕಿರುವ ನನ್ನ ಗೆಳತಿಗೆ ಫೋನ್ ಮಾಡಿದೆ. ಅವಳೇ ಕ್ಲಿನಿಕ್ಕಿನ ಡಾಕ್ಟರನ್ನು ಎಬ್ಬಿಸಿ, ಬಾಗಿಲು ತೆಗೆಸಿ ನಿಂತಿದ್ದಳು.

ರಕ್ತ ಯಂತ್ರಕ್ಕೆ ಹಾಕಿದ ಸ್ವಲ್ಪ ಹೊತ್ತಿಗೆ ಲೆಕ್ಕ ಕೈಗೆ ಬಂತು. ಪ್ಲೇಟ್‌ಲೆಟ್ ಹನ್ನೊಂದು ಸಾವಿರ. ಆರೋಗ್ಯವಂತ ನಾಯಿಗೆ ಸಾಮಾನ್ಯವಾಗಿ ಎರಡು ಲಕ್ಷದಿಂದ ಐದು ಲಕ್ಷ ಇರಬೇಕು. ಹಿಮೋಗ್ಲೋಬಿನ್ ನಾಲ್ಕೂವರೆ, ಇರಬೇಕಾದದ್ದು ಹನ್ನೆರಡಕ್ಕಿಂತ ಮೇಲೆ. ಪಟ್ಟಿಯ ಪರೀಕ್ಷೆಯಲ್ಲಿ ಎರ್ಲಿಕಿಯಾ ಎಂದು ಗೆರೆ ಮೂಡಿತು. ಆ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಹೆಣ್ಣುಮಗಳು. ಸುತ್ತಿಬಳಸದೆ ಹೇಳಿದರು: ‘ರಕ್ತ ಕೊಡಲೇಬೇಕು ಆಂಟಿ. ದೊಡ್ಡ ನಾಯಿ ಇರೋರು ಯಾರಾದ್ರೂ ಗೊತ್ತಿದ್ರೆ ಈಗಲೇ ಕರೆಸಿ.’

ನಾಯಿಗಳಿಗೂ ರಕ್ತದ ಗುಂಪುಗಳಿವೆ. ಆದರೆ ಬೇರೆ ಗುಂಪಿನ ರಕ್ತದ ವಿರುದ್ಧ ಮನುಷ್ಯರಿಗಿರುವಂಥ ಪ್ರತಿರೋಧ ಹುಟ್ಟಿನಿಂದಲೇ ನಾಯಿಗಳಲ್ಲಿ ಇರುವುದು ಕಡಿಮೆ, ಹಾಗಾಗಿ ಮೊದಲ ಸಲ ರಕ್ತ ಪಡೆಯುವ ನಾಯಿಗೆ ಸಾಮಾನ್ಯವಾಗಿ ದೊಡ್ಡ ತೊಂದರೆ ಆಗುವುದಿಲ್ಲ. ಎರಡನೆಯ ಸಲ ಬೇಕಾದರೆ ಹೊಂದಾಣಿಕೆ ನೋಡಲೇಬೇಕು. ಗೆಳತಿಯ ಪರಿಚಯದ ಅಡಿಕೆ ಮಂಡಿಯವರೊಬ್ಬರು ತಮ್ಮ ಜರ್ಮನ್ ಶೆಫರ್ಡನ್ನು ಸರಿರಾತ್ರಿಯಲ್ಲಿ ಕರೆತಂದರು. ನಮ್ಮ ಮುಖ ನೋಡಿದವರಲ್ಲ. ಆ ನಾಯಿಯ ಕುತ್ತಿಗೆಯ ನರದಿಂದ ರಕ್ತ ತೆಗೆಯುವಾಗ ಅದರ ತಲೆ ಹಿಡಿದುಕೊಂಡು ‘ಆಯ್ತು ಮಗಾ, ಆಯ್ತು’ ಎನ್ನುತ್ತಾ ನಿಂತರು. ಮನುಷ್ಯರಿಗೆ ಬಳಸುವ ಚೀಲವೇ. ಮೊದಮೊದಲು ಹನಿ ಹನಿಯಾಗಿ ಬಿಟ್ಟು, ಮೈ ಬಾತುಕೊಳ್ಳುತ್ತದೆಯೋ, ವಾಂತಿ ಆಗುತ್ತದೆಯೋ, ಜ್ವರ ಏರುತ್ತದೆಯೋ ಎಂದು ಡಾಕ್ಟರು ಪಕ್ಕದಲ್ಲೇ ಕೂತು ನೋಡಿದರು. ‘ಇದು ಪ್ಲೇಟ್‌ಲೆಟ್ ಏರಿಸೋದಕ್ಕಲ್ಲ, ಔಷಧಿ ಕೆಲಸ ಮಾಡೋ ತನಕ ಜೀವ ಹಿಡಿದಿಡೋದಕ್ಕೆ’ ಎಂದು ವಿವರಿಸಿದರು. ಬೆಳಗಾಗುವಷ್ಟರಲ್ಲಿ ಒಸಡಿಗೆ ಬಣ್ಣ ಬಂದಿತ್ತು.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಡಾಕ್ಸಿಸೈಕ್ಲಿನ್, ಪೂರ್ತಿ 28 ದಿನ, ಊಟದ ಜೊತೆಗೇ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ. ಮೊದಲ ವಾರದಲ್ಲೇ ನಾಯಿ ಚೆನ್ನಾಗಿ ಕಾಣತೊಡಗುತ್ತದೆ, ಆಗ ಮಾತ್ರೆ ನಿಲ್ಲಿಸುವವರು ಬಹಳ. ನಿಲ್ಲಿಸಬೇಡಿ. ಮುಗಿದ ಮೇಲೂ ರಕ್ತ ಮತ್ತೆ ನೋಡಿಸಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಬೇಬಿಸಿಯಾ ಇರಬಹುದು, ಅದನ್ನು ತರುವುದೂ ಉಣುಗೇ, ಅದರ ಔಷಧಿ ಬೇರೆ. ಎರಡೂ ಒಟ್ಟಿಗೆ ಬರುವುದೂ ಉಂಟು.

ಉಣುಗಿನ ಬಗ್ಗೆ ನಮ್ಮ ಮಲೆನಾಡಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗಿನಿಂದ ನಾವು ಅದಕ್ಕೆ ಹೆದರಿಯೇ ಬದುಕಿದ್ದೇವೆ. ಕಾಡಿಗೆ ಹೋಗುವಾಗ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತೇವೆ. ಅದೇ ಜನ ಮನೆಯ ನಾಯಿಯ ಕಿವಿಯಲ್ಲಿ ಉಣುಗು ಗೊಂಚಲಾಗಿದ್ದರೂ ‘ನಾಯಿ ಅಂದ ಮೇಲೆ ಇರ್ತದೆ’ ಅನ್ನುತ್ತಾರೆ. ಮಂಗನ ಕಾಯಿಲೆ ಹರಡುವ ಕಾಡಿನ ಉಣುಗೇ ಬೇರೆ, ನಾಯಿಗೆ ಈ ಜ್ವರ ತರುವ ಕಂದು ಉಣುಗೇ ಬೇರೆ. ಈ ಕಂದು ಉಣುಗು ಮನೆಯೊಳಗೇ ಸಂಸಾರ ಹೂಡುತ್ತದೆ. ರಕ್ತ ಕುಡಿದು ನಾಯಿಯ ಮೈಯಿಂದ ಉದುರಿ, ಗೋಡೆ ಹತ್ತಿ, ಬಿರುಕಿನಲ್ಲಿ ಸೇರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿಗೆ ಮಾತ್ರ ಔಷಧಿ ಹಾಕಿ ಜಗಲಿಯನ್ನು ಬಿಟ್ಟರೆ ಪ್ರಯೋಜನವಿಲ್ಲ. ನಮ್ಮ ಜಗಲಿಯ ಬಿರುಕುಗಳನ್ನೆಲ್ಲ ಸಿಮೆಂಟು ಹಾಕಿ ಮುಚ್ಚಿಸಿ, ಸುಣ್ಣ ಬಳಿಸಿ, ಗೋಣಿಗಳನ್ನು ಸುಟ್ಟೆ. ಜೂಲಿಗೆ ಡಾಕ್ಟರು ಬರೆದುಕೊಟ್ಟ ಉಣುಗಿನ ಮಾತ್ರೆ ತೂಕ ನೋಡಿ ತಪ್ಪದೆ ಕೊಡುತ್ತೇನೆ. ಇಂಥ ಮಾತ್ರೆಯಲ್ಲಿ ಒಂದು ಬಗೆಯದು ತಿಂಗಳಿಗೊಮ್ಮೆ, ಇನ್ನೊಂದು ಬಗೆಯದು ಮೂರು ತಿಂಗಳಿಗೊಮ್ಮೆ. ಫಿಟ್ಸ್ ಬರುವ ನಾಯಿಯಾದರೆ ಮೊದಲೇ ಡಾಕ್ಟರಿಗೆ ಹೇಳಬೇಕು. ಸೀಮೆಎಣ್ಣೆ ಸವರುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಅದು ಚರ್ಮ ಸುಡುತ್ತದೆ, ನೆಕ್ಕಿಕೊಂಡರೆ ವಿಷ. ಮೈಮೇಲಿನ ಉಣುಗನ್ನು ಬೆರಳಲ್ಲಿ ಹಿಸುಕಬೇಡಿ, ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆದು ಸ್ಪಿರಿಟ್‌ಗೆ ಹಾಕಿ. ಕಿವಿಯ ಒಳಗೆ, ಬೆರಳ ಸಂದಿ, ಬಾಲದ ಬುಡ, ಕೊರಳಪಟ್ಟಿಯ ಕೆಳಗೆ ದಿನವೂ ನೋಡಿ.

ಕಾಯಿಲೆಯಿಂದ ಎದ್ದ ನಾಯಿಗೆ ಮನೆಯವರೆಲ್ಲ ಸೇರಿ ತಿನ್ನಿಸತೊಡಗುತ್ತಾರೆ, ಅದೂ ಒಂದು ಅಪಾಯ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವ ತನಕ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲು ಭಾಗ ಕಡಿಮೆ ತಿಂದ ನಾಯಿಗಳು ಉಳಿದವಕ್ಕಿಂತ ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಕೀಲುನೋವೂ ತಡವಾಗಿ ಬಂತು. ಕೈಯಿಟ್ಟು ಸವರಿದರೆ ಪಕ್ಕೆಲುಬು ಸಿಗಬೇಕು. ಜೂಲಿಗೆ ಈಗ ಅಳತೆಯ ಊಟ, ಬೆಳಿಗ್ಗೆ ಬಿಸಿಲು ಏರುವ ಮೊದಲು ತೋಟದಲ್ಲಿ ಒಂದು ಸುತ್ತು. ಬೇಸಿಗೆಯಲ್ಲಿ ಹೊಳೆ. ಈ ಜಾತಿಯ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮೀನುಗಾರರ ನಾಯಿ, ನೀರು ಕಂಡರೆ ತಡೆಯಲಾಗುವುದಿಲ್ಲ. ಎಸೆದ ಕೋಲು ತಂದುಕೊಡುವುದೇ ಅವಳಿಗೆ ದೊಡ್ಡ ಸಂತೋಷ. ಹೊಳೆಯಿಂದ ಬಂದ ಕೂಡಲೇ ಕಿವಿ ಒರೆಸಬೇಕು, ಜೋತುಬಿದ್ದ ಕಿವಿಯೊಳಗೆ ತೇವ ನಿಂತರೆ ಸೋಂಕು ತಗುಲುವುದು ಸುಲಭ.

ಮೊನ್ನೆ ಒಂದು ಮದುವೆ ಮನೆಯಲ್ಲಿ ಭಾವ ನಾಲ್ಕು ಜನರ ಮುಂದೆ ‘ಜೂಲಿಗೆ ನಾನು ಮೊದಲೇ ಮಾತ್ರೆ ಕೊಟ್ಟಿದ್ದಕ್ಕೆ ಅಷ್ಟರಲ್ಲಿ ಉಳೀತು’ ಎಂದು ಹೇಳುತ್ತಿದ್ದರು. ಹಿರಿಯರು, ಅಲ್ಲಿ ಎದುರು ಮಾತಾಡಲಿಲ್ಲ. ಉತ್ತರ ಇಲ್ಲಿ ಬರೆದಿದ್ದೇನೆ. ಅವಳನ್ನು ಉಳಿಸಿದ್ದು ರಕ್ತ ಪರೀಕ್ಷೆ, ಡಾಕ್ಸಿಸೈಕ್ಲಿನ್, ಮತ್ತು ಹೆಸರು ಗೊತ್ತಿಲ್ಲದ ಒಬ್ಬರ ನಾಯಿಯ ರಕ್ತ.

ಆ ಕೊನೆಯದರ ಬಗ್ಗೆ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಇಪ್ಪತ್ತೈದು ಕಿಲೋ ಮೀರಿದ, ಒಂದರಿಂದ ಎಂಟು ವರ್ಷದೊಳಗಿನ, ಲಸಿಕೆ ಎಲ್ಲ ಆಗಿರುವ, ಉಣುಗು ಜ್ವರ ಬಾರದ ನಾಯಿ ಇದ್ದರೆ, ನೀವು ತೋರಿಸುವ ಡಾಕ್ಟರ ಹತ್ತಿರ ಅದರ ಹೆಸರನ್ನೂ ನಿಮ್ಮ ಫೋನ್ ನಂಬರನ್ನೂ ರಕ್ತ ಕೊಡುವ ನಾಯಿ ಎಂದು ಬರೆಸಿ ಬನ್ನಿ. ರಾತ್ರಿ ಹೊತ್ತು ಫೋನ್ ಬಂದರೆ ದಯವಿಟ್ಟು ಎತ್ತಿ.