ಬೋರ್ ಹೊಡೆಸುವ ಮುನ್ನ ಹಗ್ಗ ಇಳಿಸಿ

ಪ್ರಶ್ನೆ: ನಮ್ಮದು ಭೀಮಾ ದಂಡಿ ಮ್ಯಾಲಿನ ಊರು. ನಾಕು ಎಕರೆ ಎರಿ ಹೊಲ, ಇಪ್ಪತ್ತು ಫೂಟ್ ಅಗಲದ ಹಳಿ ಬಾವಿ ಅದ. ಉಜನಿ ನೀರು ಬಿಟ್ಟಾಗ ಹೊಳಿ ತುಂಬತದ, ಆಮ್ಯಾಲೆ ಬರೇ ಉಸುಕು. ಮಗ ಸಾಲಾ ಮಾಡಿ ಐದನೂರು ಫೂಟ್ ಬೋರ್ ಹೊಡಸೂಣು, ನಾಕೂ ಎಕರೆ ಕಬ್ಬು ಹಚ್ಚೂಣು ಅಂತಾನ. ಬ್ಯಾಡಂದ್ರ ಮಾತು ಬಿಡ್ತಾನ. ಏನ್ ಮಾಡ್ಲಿ?
– ಒಬ್ಬ ರೈತ, ಭಂಡಾರಕವಠೆ

ಉತ್ತರ: ಯಜಮಾನರೇ, ಮಗನ ಆಸೆ ತಪ್ಪಲ್ಲ, ನಿಮ್ಮ ಅಂಜಿಕೆಯೂ ಸುಳ್ಳಲ್ಲ. ಇಬ್ಬರೂ ನೀರನ್ನು ಅಳೆಯದೆ ಜಗಳಾಡುತ್ತಿದ್ದೀರಿ, ಅಷ್ಟೇ.

ಮೊದಲು ಹೊಳೆಯ ಮಾತು. ಬೇಸಿಗೆಯಲ್ಲಿ ನಿಮ್ಮ ಕಣ್ಣೆದುರು ಹರಿಯುವ ನೀರು ಹೆಚ್ಚಾಗಿ ಸೊಲ್ಲಾಪುರ ನಗರದ ಕುಡಿಯುವ ನೀರು; ಔಜ್, ಚಿಂಚಪುರ ಬಾಂದಾರಗಳಲ್ಲಿ ನಿಲ್ಲಿಸಲೆಂದು ಬಿಟ್ಟದ್ದು. ಉಜನಿ ಅಣೆಕಟ್ಟೆಯ ಸುಮಾರು 117 ಟಿಎಂಸಿಯಲ್ಲಿ 63ಕ್ಕೂ ಹೆಚ್ಚು ಮೃತ ಸಂಗ್ರಹ; ನೀರು ಅದಕ್ಕಿಂತ ಕೆಳಗಿಳಿದರೆ ಮೈನಸ್ ಅನ್ನುತ್ತಾರೆ. ‘ಉಜನಿ ಮೈನಸ್‌ಗೆ ಹೋಯ್ತು’ ಎಂಬ ಮಾತು ಕೇಳಿದ ವರ್ಷ ಹೊಳೆಯನ್ನು ನಂಬಿ ಕಬ್ಬು ಹಚ್ಚಿದವರ ಪಾಡು ನಿಮಗೇ ಗೊತ್ತು.

ಇನ್ನು ನೆಲದ ಮಾತು. ಎರೆಯ ಕೆಳಗೆ ಮುರುಮು, ಅದರ ಕೆಳಗೆ ಕರಿಕಲ್ಲು. ನೀರಿರುವುದು ಮುರುಮಿನಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ಸಿಗುವ ಭರವಸೆ ಕಡಿಮೆ. ಸಿಕ್ಕರೂ ಬೋರು ನಿಮ್ಮ ಬಾವಿಯ ಸೆಲೆಯನ್ನೇ ಎಳೆಯಬಹುದು. ಮೇಲಾಗಿ ಮಹಾರಾಷ್ಟ್ರದ 2009ರ ಭೂಜಲ ಕಾಯ್ದೆ 60 ಮೀಟರ್, ಎಂದರೆ ಸುಮಾರು 200 ಅಡಿಗಿಂತ ಆಳದ ಕೃಷಿ ಬೋರಿಗೆ ನಿರ್ಬಂಧ ಹಾಕಿದೆ.

ಈಗ ಲೆಕ್ಕ. ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ. ಮಾರ್ಚ್‌ನಿಂದ ವಾರಕ್ಕೊಮ್ಮೆ, ಸಂಜೆ ಪಂಪ್ ನಿಲ್ಲಿಸಿದಾಗ ಒಮ್ಮೆ, ಬೆಳಗಿನ ಜಾವ ಒಮ್ಮೆ ಬಾವಿಗಿಳಿಸಿ ನೀರಿನ ಮಟ್ಟ ನೋಡಿ, ವಹಿಯಲ್ಲಿ ಬರೆದಿಡಿ. ನಿಮ್ಮ ಬಾವಿಯಲ್ಲಿ ಒಂದಡಿ ಏರಿದರೆ ಸುಮಾರು 8,900 ಲೀಟರ್ ಬಂತೆಂದು ಅರ್ಥ. ರಾತ್ರಿ ನಾಲ್ಕಡಿ ಏರಿತೆನ್ನಿ: ಹತ್ತು ರಾತ್ರಿಗೆ ಮೂರೂವರೆ ಲಕ್ಷ ಲೀಟರ್. ಒಂದೆಕರೆ ಕಬ್ಬಿಗೆ ಸಾಲಿನಲ್ಲಿ ಮೂರಂಗುಲ ನೀರು ಹಾಯಿಸಲು ಒಂದು ಸಲಕ್ಕೇ ಮೂರು ಲಕ್ಷ ಲೀಟರ್ ಬೇಕು, ಬೇಸಿಗೆಯಲ್ಲಿ ಅದೂ ಹತ್ತು ದಿನಕ್ಕೊಮ್ಮೆ. ಹಗಲಿನ ಸೆಲೆ ಸೇರಿಸಿದರೂ ಎರಡೆಕರೆಯ ಆಸುಪಾಸಿಗೇ ನಿಲ್ಲುತ್ತದೆ.

ಡ್ರಿಪ್ ಹಾಕಿದರೆ ಅದೇ ನೀರು ಇನ್ನಷ್ಟು ದೂರ ಹೋಗುತ್ತದೆ. ಉಳಿದ ಹೊಲಕ್ಕೆ ಹಿಂಗಾರಿ ಮಾಲದಂಡಿ ಜೋಳವಿದೆ; ಹಸಿ ಹಿಡಿದ ಎರೆಯಲ್ಲಿ ಅದು ಹೆಚ್ಚು ನೀರು ಕೇಳುವುದಿಲ್ಲ. ಒಂದು ಬಾಟಲಿ ಬಾವಿ ನೀರನ್ನು ಉಪ್ಪಿನ ಪರೀಕ್ಷೆಗೂ ಕೊಡಿ. ಎರೆಗೆ ಉಪ್ಪು ನೀರು ಹಾಯಿಸುತ್ತ ಹೋದರೆ ಹೊಲ ಸವಳಾಗುತ್ತದೆ. ಸೊಲ್ಲಾಪುರದ ಭೂಜಲ ಸರ್ವೇಕ್ಷಣ ಕಚೇರಿಯಲ್ಲಿ ನಿರೀಕ್ಷಣಾ ಬಾವಿಗಳ ದಾಖಲೆ ಇರುತ್ತದೆ. ನಿಮ್ಮೂರಿಗೆ ಹತ್ತಿರದ ಬಾವಿಯ ಮಟ್ಟ ಕೇಳಿಕೊಳ್ಳಿ.

ಕೊನೆಯದಾಗಿ ಮಗನ ವಿಷಯ. ‘ಬ್ಯಾಡ’ ಅನ್ನಬೇಡಿ, ‘ಮೇ ಮುಗಿಯಲಿ’ ಅನ್ನಿ. ಅಡಸಾಲಿ ಕಬ್ಬಿನ ನಾಟಿ ಹೇಗೂ ಜುಲೈಗೆ. ಅಲ್ಲಿಯವರೆಗೆ ವಹಿ ಅವನೇ ಬರೆಯಲಿ, ವಹಿ ಹೇಳಿದ್ದನ್ನು ಇಬ್ಬರೂ ಒಪ್ಪುವುದೆಂದು ಮೊದಲೇ ಮಾತಾಗಲಿ. ಅಪ್ಪನ ಮಾತು ಕೇಳದ ಹುಡುಗ ತಾನೇ ಬರೆದ ಅಂಕಿ ಕೇಳುತ್ತಾನೆ.

ಹಗ್ಗ ಅವನ ಕೈಗೆ ಕೊಡಿ. ಬ್ಯಾಟರಿ ನೀವು ಹಿಡಿಯಿರಿ.