ಹೆಸರಿನ ವ್ಯಾಪಾರ, ವ್ಯಾಪಾರಿಯ ಪತ

ಅಂತರಜಾಲದ ತಾಣವೊಂದರ ವಿಳಾಸಕ್ಕೆ ಡೊಮೈನ್ ಹೆಸರು ಎನ್ನುತ್ತಾರೆ. ಮೊದಲು ಕೇಳಿದವರಿಗೆ ಮೊದಲು ಎಂಬ ನಿಯಮದಂತೆ, ವಾರ್ಷಿಕ ಶುಲ್ಕ ಕಟ್ಟಿ ಯಾರು ಬೇಕಾದರೂ ಅದನ್ನು ನೋಂದಾಯಿಸಿ, ಬೇಕಾದವರಿಗೆ ಹೆಚ್ಚಿನ ಬೆಲೆಗೆ ಮಾರಬಹುದು. ಅಗ್ಗಕ್ಕೆ ಕೊಂಡು ತುಟ್ಟಿಗೆ ಮಾರುವುದು ಯಾವ ಪೇಟೆಗೂ ಹೊಸದಲ್ಲ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ನೂಲು, ಸೀರೆ, ಬೆಲ್ಲಗಳ ವಹಿವಾಟು ಇಂದಿಗೂ ಬಹುಮಟ್ಟಿಗೆ ಪತದ ಮೇಲೆ, ಅಂದರೆ ವ್ಯಾಪಾರಿಯ ಮಾತಿಗಿರುವ ನಂಬಿಕೆಯ ಮೇಲೆ, ನಡೆಯುವುದರಿಂದ, ಡೊಮೈನ್ ಮಾರಾಟದಲ್ಲಿ ತೊಡಗಿದ್ದ ಪ್ರಸ್ತುತ ಲೇಖಕನು ಕಂಡಂತೆ, ಇಲ್ಲಿನ ಗಿರಾಕಿ ಬೆಲೆ ಕೇಳುವ ಮೊದಲು ಮಾರುವವನು ಯಾರ ಪೈಕಿ, ಹಿಂದೆ ಯಾರೊಡನೆ ಹೇಗೆ ನಡೆದುಕೊಂಡವನು ಎಂದು ವಿಚಾರಿಸುತ್ತಾನೆ.

ಕಾನೂನಿನ ಗೆರೆ ಎಲ್ಲಿದೆ ಎಂಬುದನ್ನು ಬೆಂಗಳೂರಿನಲ್ಲೇ ಹುಟ್ಟಿದ ವ್ಯಾಜ್ಯವೊಂದು ತೋರಿಸುತ್ತದೆ. ಸತ್ಯಂ ಇನ್ಫೋವೇ ಸಂಸ್ಥೆ 1999ರಲ್ಲಿ ನೋಂದಾಯಿಸಿದ್ದ ‘ಸಿಫಿ’ ಹೆಸರನ್ನು ಹೋಲುವ ವಿಳಾಸಗಳನ್ನು 2001ರಿಂದ ಬೇರೊಂದು ಸಂಸ್ಥೆ ಬಳಸತೊಡಗಿದಾಗ, ಸಿಟಿ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ನೀಡಿತು, ಹೈಕೋರ್ಟು ಅದನ್ನು ತೆರವುಗೊಳಿಸಿತು, 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸತ್ಯಂ ಪರವಾಗಿ ತೀರ್ಪಿತ್ತಿತು. ಡೊಮೈನುಗಳಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲದಿದ್ದರೂ, ತನ್ನ ಸರಕನ್ನು ಮತ್ತೊಬ್ಬರದೆಂಬಂತೆ ಸಾಗಹಾಕುವುದನ್ನು ತಡೆಯುವ ‘ಪಾಸಿಂಗ್ ಆಫ್’ ತತ್ತ್ವ ಇವುಗಳಿಗೂ ಸಲ್ಲುತ್ತದೆ ಎಂದು ನ್ಯಾಯಾಲಯ ಹೇಳಿತು. ಐವರು ಪ್ರವರ್ತಕರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದ್ದೇವೆ ಎಂಬ ಎದುರುಪಕ್ಷದ ಸಮಜಾಯಿಷಿಯನ್ನು, ಹೆಸರು ಆರಿಸಿದ ಮೇಲೆ ಹೊಂದಿಸಿದ ಕಾರಣವೆಂದು ಅದು ಕಂಡಿತು. ಇಂಥ ಸಮಜಾಯಿಷಿಗಳಿಗೆ ಈ ಧಂದೆಯಲ್ಲಿ ಎಂದೂ ಕೊರತೆಯಾಗಿಲ್ಲ.

ಊರಿನ ಹೆಸರುಗಳ ಮಾತು ಬೇರೆ. 2005ರಲ್ಲಿ ಅಂಚೆಚೀಟಿಯ ಮೇಲೂ ಮೂಡಿದ ಮುಧೋಳ ನಾಯಿಯ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲವಾದ್ದರಿಂದ ಅದನ್ನೊಳಗೊಂಡ ವಿಳಾಸ ಕೊಳ್ಳುವುದು ತಪ್ಪಲ್ಲ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ತಾಣವೇ ಇದು ಎಂಬ ಭ್ರಮೆ ಹುಟ್ಟಿಸಿ ಮರಿಗಳಿಗೆ ಮುಂಗಡ ಪಡೆಯುವುದು ತಪ್ಪು.

ಆದರೆ ಈ ಭಾಗದಲ್ಲಿ ನೀತಿಯ ಪ್ರಶ್ನೆ ಹೆಚ್ಚಾಗಿ ಏಳುವುದು ನೋಂದಣಿ ಯಾರ ಹೆಸರಿನಲ್ಲಿದೆ ಎಂಬ, ಮೇಲ್ನೋಟಕ್ಕೆ ಸಣ್ಣದಾಗಿ ಕಾಣುವ ಸಂಗತಿಯಲ್ಲಿ. ಬನಹಟ್ಟಿಯ ಸೀರೆ ವ್ಯಾಪಾರಿಯೋ ಬೀಳಗಿಯ ಶಾಲೆಯವರೋ ತಾಣ ಮಾಡಿಕೊಡಲು ಪರಿಚಯದ ಹುಡುಗನಿಗೆ ಹೇಳುತ್ತಾರೆ. ಅವನು ಅವಸರದಲ್ಲಿ ತನ್ನದೇ ಇ-ಮೇಲ್, ತನ್ನದೇ ಮೊಬೈಲ್ ಸಂಖ್ಯೆ ಕೊಟ್ಟು ಕೆಲಸ ಮುಗಿಸುತ್ತಾನೆ. ಹಣ ಕೊಟ್ಟವರು ಒಡೆತನ ತಮ್ಮದೆಂದು ತಿಳಿದಿದ್ದರೂ ದಾಖಲೆಯಲ್ಲಿ ನೋಂದಣಿದಾರ ಅವನೇ ಆಗಿರುತ್ತಾನೆ. ಮುಂದೆ ಬಾಕಿಯ ತಕರಾರು ಬಂದರೆ, ವರ್ಗಾವಣೆಗೆ ಬೇಕಾದ ಗುಪ್ತ ಸಂಕೇತವಾದ ‘ಆಥ್ ಕೋಡ್’ ಅವನ ಕೈಯಲ್ಲಿ ಒತ್ತೆಯಾಗುತ್ತದೆ. ಅವನು ಪುಣೆಗೋ ಬೆಂಗಳೂರಿಗೋ ಹೋದರೆ, ನವೀಕರಣದ ಸೂಚನೆಗಳು ಯಾರೂ ತೆರೆಯದ ಇ-ಮೇಲ್‌ನಲ್ಲಿ ಉಳಿಯುತ್ತವೆ. ಡಾಟ್ ಕಾಮ್ ವಿಳಾಸದ ಅವಧಿ ಮುಗಿದು ಅದನ್ನು ರದ್ದುಗೊಳಿಸಿದ ಮೇಲೆ, ಹೆಚ್ಚಿನ ಶುಲ್ಕ ಕೊಟ್ಟು ಬಿಡಿಸಿಕೊಳ್ಳಲು 30 ದಿನ ಇರುತ್ತದೆ, ಅದೂ ಕಳೆದ 5 ದಿನಕ್ಕೆ ಹೆಸರು ಎಲ್ಲರಿಗೂ ತೆರೆದುಕೊಳ್ಳುತ್ತದೆ, ಅದಕ್ಕೆಂದೇ ಕಾದಿರುವ ಕಂಪ್ಯೂಟರ್ ಪ್ರೋಗ್ರಾಮುಗಳು ಕ್ಷಣದಲ್ಲಿ ಅದನ್ನು ಹಿಡಿಯುತ್ತವೆ. ಹಾಗೆ ಹಿಡಿದದ್ದನ್ನು, ಆ ಹೆಸರಿನ ಮೇಲೆ ಟ್ರೇಡ್‌ಮಾರ್ಕ್ ಹಕ್ಕಿರುವ ಹಳೆಯ ಒಡೆಯನಿಗೇ, ನಿಜವಾಗಿ ತಗುಲಿದ ಖರ್ಚಿಗೆ ಮೀರಿದ ಬೆಲೆಗೆ ಮಾರಲೆಂದು ನೋಂದಾಯಿಸುವುದನ್ನು ಡಾಟ್ ಕಾಮ್‌ಗೂ ಡಾಟ್ ಇನ್‌ಗೂ ಇರುವ ವ್ಯಾಜ್ಯ ನಿಯಮಗಳು ದುರುದ್ದೇಶದ ಪುರಾವೆಯೆಂದೇ ಎಣಿಸುತ್ತವೆ. ಆದ್ದರಿಂದ ನೋಂದಣಿಯನ್ನು ಗಿರಾಕಿಯ ಹೆಸರಿನಲ್ಲೇ ಮಾಡಿ, ಕೆಲಸದ ಬಾಕಿಯನ್ನು ಬೇರೆ ಬಿಲ್ಲಿನಿಂದ ವಸೂಲು ಮಾಡುವುದು, ಅವಧಿ ಮೀರಿದ ಹೆಸರು ಕೈಗೆ ಬಂದರೆ ಹಳೆಯ ಒಡೆಯ ಅಂಗಡಿ ನಡೆಸುತ್ತಿದ್ದಾನೆಯೇ ಎಂದು ವಿಚಾರಿಸಿ ಖರ್ಚಿಗಷ್ಟೇ ಮರಳಿಸುವುದು ಲೇಖಕನ ರೂಢಿಯಾಯಿತು. ಇದರಿಂದ ಲಾಭ ಕಡಿಮೆಯಾದದ್ದು ನಿಜ, ಆದರೆ ಮುಂದಿನ ಗಿರಾಕಿಗಳು ಬಂದದ್ದು ಹಾಗೆ ಮರಳಿ ಪಡೆದವರ ಮೂಲಕವೇ.

ಅವಧಿ ಮೀರಿದ ಹೆಸರುಗಳ ಹರಾಜಿನಲ್ಲಿಯೂ, ಮಹಾಲಿಂಗಪುರದ ಬೆಲ್ಲದ ಪೇಟೆಯ ಸವಾಲಿನಂತೆಯೇ, ಕೂಗುವವರಲ್ಲಿ ಮಾರುವವನ ಮನುಷ್ಯನೇ ಸೇರಿಕೊಂಡರೆ ದರಕ್ಕೆ ಅರ್ಥವಿರುವುದಿಲ್ಲ. ಅಮೆರಿಕದ ಸ್ನ್ಯಾಪ್‌ನೇಮ್ಸ್ ಎಂಬ ಹರಾಜು ಸಂಸ್ಥೆ, ತನ್ನ ನೌಕರನೊಬ್ಬ 2005ರಿಂದ ಸುಳ್ಳು ಹೆಸರಿನಲ್ಲಿ ಕೂಗುತ್ತಿದ್ದನೆಂದು 2009ರಲ್ಲಿ ತಾನೇ ಪ್ರಕಟಿಸಿ, ಹೆಚ್ಚು ತೆತ್ತವರಿಗೆ ಬಡ್ಡಿಸಹಿತ ಹಣ ಹಿಂದಿರುಗಿಸಲು ಮುಂದಾಯಿತು. ಇನ್ನು ನೇರ ಮಾರಾಟದಲ್ಲಿ, ವ್ಯವಹಾರ ಮುಗಿಯುವವರೆಗೆ ಹಣವನ್ನು ಮೂರನೆಯವರ ಬಳಿ ಇಡುವ ‘ಎಸ್ಕ್ರೋ’ ಪದ್ಧತಿಯನ್ನು ಪರಿಚಯಸ್ಥರ ನಡುವೆ ಸೂಚಿಸಿದರೆ ಜಮಖಂಡಿಯಲ್ಲಿ ಈಗಲೂ ಮುನಿಸಿಕೊಳ್ಳುವವರಿದ್ದಾರೆ. ಆದರೂ, ನಡುವೆ ನಿಂತು ಎರಡೂ ಕಡೆಯಿಂದ ದಲಾಲಿ ಪಡೆಯುವವನು ತನ್ನ ದಲಾಲಿಯ ಸಂಗತಿಯನ್ನು ಇಬ್ಬರಿಗೂ ಮೊದಲೇ ಬರೆದು ತಿಳಿಸಿದ್ದಲ್ಲಿ, ಆ ಮುನಿಸು ಹೆಚ್ಚು ದಿನ ಉಳಿದಿಲ್ಲ.