ಓಟಗಾರನ ಸಂಕಲ್ಪವೂ ಶಾಖದ ಲೆಕ್ಕವೂ

ಹೊಸ ವರ್ಷದ ಆದಿಯಲ್ಲಿ ಸಂಕಲ್ಪ ಮಾಡದವರು ವಿರಳ. ಆದರೆ ಜನವರಿಯ ಮೊದಲ ದಿನ ಮಾಡಿದ ಸಂಕಲ್ಪ ಶಿವರಾತ್ರಿಯವರೆಗೆ ಉಳಿಯುವುದು ಇನ್ನೂ ವಿರಳ. ತನಗಾಗಿ ಮಾಡಿಕೊಂಡ ನಿಶ್ಚಯವನ್ನು ಮನುಷ್ಯನು ಸುಲಭವಾಗಿ ಬಿಡುತ್ತಾನೆ. ಇತರರಿಗೆ ಮಾತು ಕೊಟ್ಟು ಮಾಡಿದ ನಿಶ್ಚಯವನ್ನು ಅಷ್ಟು ಸುಲಭವಾಗಿ ಬಿಡಲಾರ. ಪರೋಪಕಾರಕ್ಕಾಗಿ ಓಡುವವರ ಬಲ ಇರುವುದು ಇಲ್ಲಿಯೇ. ಅವರ ಅಪಾಯ ಇರುವುದೂ ಇಲ್ಲಿಯೇ. ಕೊಟ್ಟ ಮಾತು ಮುಂದಕ್ಕೆ ನೂಕುತ್ತಿರುವಾಗ ದೇಹ ಹೇಳುವ ‘ಸಾಕು’ ಕಿವಿಗೆ ಬೀಳುವುದಿಲ್ಲ. ಆದುದರಿಂದ ಇಂಥ ಸಂಕಲ್ಪವನ್ನು ಮಾಡುವ ಮೊದಲೇ ಅದರ ಲೆಕ್ಕವನ್ನು ಹಾಕುವುದು ಅವಶ್ಯ. ಆ ಲೆಕ್ಕಕ್ಕೆ ಬೇಕಾಗುವ ಭೌತಶಾಸ್ತ್ರ ಪ್ರೌಢಶಾಲೆಯ ಪಾಠಗಳಲ್ಲಿಯೇ ಇದೆ.

ಉದಾಹರಣೆಗಾಗಿ, ಕುಮಟೆಯ ವಿದ್ಯಾರ್ಥಿಯೊಬ್ಬನು ಈ ವರ್ಷ ಓಡುವ ಅಭ್ಯಾಸವನ್ನು ಕೈಕೊಂಡನೆನ್ನೋಣ. ಅವನ ತೂಕ 60 ಕಿಲೋಗ್ರಾಂ. ತಾನು ಓಡುವ ಒಂದೊಂದು ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂದು ಬಂಧುಗಳಿಂದಲೂ ಮಿತ್ರರಿಂದಲೂ ವಚನ ಪಡೆದು, ಕೂಡಿದ ಹಣವನ್ನು ಬಡ ರೋಗಿಗಳ ಪ್ರಯಾಣದ ವೆಚ್ಚಕ್ಕೆ ಕೊಡಬೇಕೆಂಬುದು ಅವನ ಉದ್ದೇಶ. ಈ ಉದ್ದೇಶದ ಅರ್ಥ ನಮ್ಮ ಕರಾವಳಿಯವರಿಗೆ ಹೇಳದೆಯೇ ತಿಳಿಯುತ್ತದೆ. ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯೊಂದು ಬೇಕೆಂದು ಜನರು 2019ರಲ್ಲಿಯೂ 2022ರಲ್ಲಿಯೂ ದೊಡ್ಡ ದನಿಯಲ್ಲಿ ಕೇಳಿದರು. ಹೆಚ್ಚಿನ ಚಿಕಿತ್ಸೆಗಾಗಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿಗಳ ದಾರಿ ಹಿಡಿದ ಕುಟುಂಬಗಳು ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ಬೇಕಾದಷ್ಟಿವೆ.

ಪರೋಪಕಾರದ ಓಟ

ಓಟದಿಂದ ಧನಸಂಗ್ರಹ ಮಾಡುವ ಪದ್ಧತಿ ಈಗ ಜಗತ್ತಿಗೆಲ್ಲ ಪರಿಚಿತ. ಮುಂಬಯಿಯಲ್ಲಿ 2004ರಲ್ಲಿ ಆರಂಭವಾದ ಮ್ಯಾರಥಾನಿನಲ್ಲಿಯೂ, ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ 10 ಕಿಲೋಮೀಟರ್ ಓಟದಲ್ಲಿಯೂ ಸಾಮಾನ್ಯ ಓಟಗಾರರು ಸೇವಾಸಂಸ್ಥೆಗಳಿಗಾಗಿ ಹಣ ಕೂಡಿಸುತ್ತಾರೆ.

ಇಂಥ ಓಟಗಾರರಲ್ಲಿ ಅತ್ಯಂತ ಪ್ರಸಿದ್ಧನಾದವನು ಕೆನಡಾ ದೇಶದ ಟೆರಿ ಫಾಕ್ಸ್. ಮೂಳೆಯ ಕ್ಯಾನ್ಸರಿನಿಂದಾಗಿ 1977ರಲ್ಲಿ ಅವನ ಬಲಗಾಲನ್ನು ಕತ್ತರಿಸಬೇಕಾಯಿತು. ಆಗ ಅವನಿಗೆ ಹದಿನೆಂಟು ವರ್ಷ. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಅವನು 1980ರ ಏಪ್ರಿಲ್ 12ರಂದು, ಕೃತಕ ಕಾಲನ್ನು ಕಟ್ಟಿಕೊಂಡು, ದೇಶದ ಪೂರ್ವತೀರದಿಂದ ಓಡಲು ತೊಡಗಿದ. 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ. ಎಂದರೆ ದಿನಕ್ಕೆ ಸರಾಸರಿ 37 ಕಿಲೋಮೀಟರಿಗೂ ಹೆಚ್ಚು. ರೋಗವು ಶ್ವಾಸಕೋಶಗಳಿಗೆ ಹರಡಿದುದರಿಂದ ಸೆಪ್ಟೆಂಬರ್ 1ರಂದು ನಿಲ್ಲಬೇಕಾಯಿತು. ಅವನ ಈ ಓಟವನ್ನು ಮುಂದೆ ಮತ್ತೆ ನೋಡೋಣ. ಈಗ ಲೆಕ್ಕಕ್ಕೆ ಬರೋಣ.

ಒಂದು ಕಿಲೋಮೀಟರಿನ ಬೆಲೆ

ಓಡಲು ಎಷ್ಟು ಶಕ್ತಿ ವ್ಯಯವಾಗುತ್ತದೆ? ಇಟಲಿಯ ಶರೀರವಿಜ್ಞಾನಿ ರೊಡಾಲ್ಫೊ ಮಾರ್ಗೇರಿಯಾ ಮತ್ತು ಅವರ ಸಂಗಡಿಗರು 1963ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಒಂದು ಸರಳವಾದ ನಿಯಮ ದೊರೆಯಿತು. ಸಮತಟ್ಟಾದ ಗಟ್ಟಿ ನೆಲದ ಮೇಲೆ ಓಡುವಾಗ ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ ಪ್ರತಿ ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ ಶಕ್ತಿ ಬೇಕು. ಆಶ್ಚರ್ಯದ ಸಂಗತಿಯೇನೆಂದರೆ, ಈ ಬೆಲೆ ವೇಗವನ್ನು ಹೆಚ್ಚಾಗಿ ಅವಲಂಬಿಸುವುದಿಲ್ಲ. ನಿಧಾನವಾಗಿ ಓಡಿದರೂ ವೇಗವಾಗಿ ಓಡಿದರೂ ಒಂದು ಕಿಲೋಮೀಟರಿನ ಬೆಲೆ ಹೆಚ್ಚುಕಡಿಮೆ ಒಂದೇ.

ಕುಮಟೆಯಿಂದ ಹೊನ್ನಾವರಕ್ಕೆ ಸುಮಾರು 20 ಕಿಲೋಮೀಟರ್. ನಮ್ಮ ವಿದ್ಯಾರ್ಥಿಯು ಇಷ್ಟು ದೂರ ಓಡಿದರೆ 60 × 20 = 1,200 ಕಿಲೋಕ್ಯಾಲೊರಿ ವ್ಯಯವಾಗುತ್ತದೆ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಓಡಿದನಾದರೆ ಶಕ್ತಿ ವ್ಯಯವಾಗುವ ದರ ಗಂಟೆಗೆ 600 ಕಿಲೋಕ್ಯಾಲೊರಿ, ಅಥವಾ ಸುಮಾರು 700 ವ್ಯಾಟ್. ಮನೆಯಲ್ಲಿ ಬಳಸುವ ವಿದ್ಯುತ್ ಇಸ್ತ್ರಿಪೆಟ್ಟಿಗೆಯ ಸಾಮರ್ಥ್ಯ ಇದಕ್ಕೆ ಸಮೀಪವಾದುದು.

ಆದರೆ ಸ್ನಾಯುಗಳು ಬಹಳ ದಕ್ಷವಾದ ಯಂತ್ರಗಳಲ್ಲ. ವ್ಯಯವಾದ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ನೇರವಾಗಿ ಶಾಖವಾಗುತ್ತದೆ. ಎಂದರೆ ಈ ಓಟದಲ್ಲಿ ಸುಮಾರು 960 ಕಿಲೋಕ್ಯಾಲೊರಿ ಶಾಖ ದೇಹದೊಳಗೆ ಹುಟ್ಟುತ್ತದೆ. ಅದು ಹೊರಗೆ ಹೋಗದೆ ಒಳಗೇ ಉಳಿದರೆ ಏನಾದೀತು? ಮನುಷ್ಯದೇಹದ ವಿಶಿಷ್ಟೋಷ್ಣ ಸುಮಾರು 0.83. ಆದ್ದರಿಂದ 60 ಕಿಲೋಗ್ರಾಂ ದೇಹದ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು 50 ಕಿಲೋಕ್ಯಾಲೊರಿ ಸಾಕು. 960ನ್ನು 50ರಿಂದ ಭಾಗಿಸಿದರೆ 19 ಡಿಗ್ರಿಗೂ ಹೆಚ್ಚಾಗುತ್ತದೆ. 37 ಡಿಗ್ರಿಯಲ್ಲಿದ್ದ ದೇಹ ಹೊನ್ನಾವರ ಮುಟ್ಟುವಷ್ಟರಲ್ಲಿ 56 ಡಿಗ್ರಿಗೆ ಏರಬೇಕು! 40 ಡಿಗ್ರಿ ದಾಟಿದರೇ ಪ್ರಾಣಾಪಾಯ. ಆದ್ದರಿಂದ ಓಟಗಾರನ ಮುಖ್ಯ ಸಮಸ್ಯೆ ಶಕ್ತಿಯನ್ನು ಹುಟ್ಟಿಸುವುದಷ್ಟೇ ಅಲ್ಲ, ಹುಟ್ಟಿದ ಶಾಖವನ್ನು ಹೊರಹಾಕುವುದೂ ಹೌದು.

ಬೆವರು ಮಾಡುವ ಕೆಲಸ

ಗಾಳಿಯು ಚರ್ಮಕ್ಕಿಂತ ತಂಪಾಗಿದ್ದರೆ ಸ್ವಲ್ಪ ಶಾಖ ಗಾಳಿಗೆ ನೇರವಾಗಿ ಹೋಗುತ್ತದೆ. ಉಳಿದುದನ್ನೆಲ್ಲ ಬೆವರೇ ಸಾಗಿಸಬೇಕು. ನೀರು ಆವಿಯಾಗುವಾಗ ಗುಪ್ತೋಷ್ಣವನ್ನು ಹೀರಿಕೊಳ್ಳುತ್ತದೆಂಬುದು ವಿದ್ಯಾರ್ಥಿಗಳಿಗೆ ವಿದಿತವೇ. ಚರ್ಮದ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. ನಮ್ಮ 960 ಕಿಲೋಕ್ಯಾಲೊರಿಯನ್ನೂ ಬೆವರೇ ಒಯ್ಯಬೇಕಾದರೆ ಸುಮಾರು 1.65 ಲೀಟರ್ ಬೆವರು ಆವಿಯಾಗಬೇಕು.

‘ಆವಿಯಾಗಬೇಕು’ ಎಂಬ ಮಾತನ್ನು ಗಮನಿಸಿ. ಬೆವರು ಸುರಿದರೆ ಸಾಲದು. ಹಣೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ದೇಹದ ನೀರನ್ನು ಕಳೆಯುತ್ತದೆಯೇ ಹೊರತು ದೇಹದ ಶಾಖವನ್ನು ಕಳೆಯುವುದಿಲ್ಲ. ಬೆವರು ಆವಿಯಾಗದಿದ್ದರೆ ಏನಾಗುತ್ತದೆಂಬುದಕ್ಕೆ ಒಂದು ದಾರುಣ ನಿದರ್ಶನವುಂಟು. 1912ರ ಜುಲೈ 14ರಂದು ಸ್ಟಾಕ್‌ಹೋಮ್ ಒಲಿಂಪಿಕ್ಸಿನ ಮ್ಯಾರಥಾನ್ ಓಟ ಬಿಸಿಲಿನಲ್ಲಿ ನಡೆಯಿತು. ಪೋರ್ಚುಗಲ್ ದೇಶದ ಫ್ರಾನ್ಸಿಸ್ಕೊ ಲಾಜಾರೊ ಎಂಬ ಓಟಗಾರನು ದಾರಿಯಲ್ಲಿ ಕುಸಿದುಬಿದ್ದು ಮರುದಿನ ತೀರಿಕೊಂಡ. ಬಿಸಿಲು ತಾಗದಿರಲೆಂದು ಅವನು ಮೈಗೆಲ್ಲ ಕೊಬ್ಬಿನಂಥ ಜಿಡ್ಡನ್ನು ಬಳಿದುಕೊಂಡಿದ್ದನೆಂದು ವೃತ್ತಾಂತವಿದೆ. ಅಂಥ ಲೇಪವು ಬೆವರಿನ ದಾರಿಯನ್ನೇ ಮುಚ್ಚುತ್ತದೆ.

ಕರಾವಳಿಯ ಗಾಳಿ

ಲಾಜಾರೊನ ಜಿಡ್ಡು ಮಾಡಿದ ಕೆಲಸವನ್ನು ನಮ್ಮ ಕರಾವಳಿಯಲ್ಲಿ ಗಾಳಿಯೇ ಸ್ವಲ್ಪಮಟ್ಟಿಗೆ ಮಾಡುತ್ತದೆ. ಆಷಾಢದಲ್ಲಿ ಹಗ್ಗದ ಮೇಲೆ ಹರವಿದ ಬಟ್ಟೆ ಎರಡು ದಿನವಾದರೂ ಒಣಗದೆ, ಬಚ್ಚಲ ಒಲೆಯ ಬಳಿಗೆ ಒಯ್ದು ಒಣಗಿಸುವ ಅನುಭವ ಇಲ್ಲಿನ ಮನೆಮನೆಯದು. ಬಟ್ಟೆ ಒಣಗದ ಗಾಳಿಯಲ್ಲಿ ಬೆವರೂ ಬೇಗ ಒಣಗದು. ನೀರು ಆವಿಯಾಗುವ ವೇಗವು ಚರ್ಮದ ಮೇಲಿನ ಆವಿಯ ಒತ್ತಡಕ್ಕೂ ಗಾಳಿಯಲ್ಲಿರುವ ಆವಿಯ ಒತ್ತಡಕ್ಕೂ ಇರುವ ಅಂತರವನ್ನು ಅವಲಂಬಿಸಿದೆ.

ಎರಡು ಸಂದರ್ಭಗಳನ್ನು ಹೋಲಿಸೋಣ. 35 ಡಿಗ್ರಿ ಸೆಂಟಿಗ್ರೇಡಿನ ಒದ್ದೆ ಚರ್ಮದ ಮೇಲೆ ಆವಿಯ ಒತ್ತಡ 42 ಮಿಲಿಮೀಟರ್ ಪಾದರಸದಷ್ಟು. ಜನವರಿಯ ಒಂದು ಮುಂಜಾನೆ ಕುಮಟೆಯಲ್ಲಿ ಉಷ್ಣತೆ 22 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡಾ 80 ಎಂದಿಟ್ಟುಕೊಳ್ಳಿ. 22 ಡಿಗ್ರಿಯಲ್ಲಿ ಸಂತೃಪ್ತ ಆವಿಯ ಒತ್ತಡ 20 ಮಿಲಿಮೀಟರ್. ಅದರ ಶೇಕಡಾ 80 ಎಂದರೆ 16. ಅಂತರ 26. ಮೇ ತಿಂಗಳ ಒಂದು ಸಂಜೆ ಉಷ್ಣತೆ 30 ಡಿಗ್ರಿ, ಆರ್ದ್ರತೆ ಅದೇ ಶೇಕಡಾ 80 ಎಂದಿಟ್ಟುಕೊಳ್ಳಿ. 30 ಡಿಗ್ರಿಯಲ್ಲಿ ಸಂತೃಪ್ತ ಒತ್ತಡ ಸುಮಾರು 32. ಗಾಳಿಯ ಆವಿಯ ಒತ್ತಡ 25ಕ್ಕೂ ಹೆಚ್ಚು. ಅಂತರ 17ನ್ನು ಮೀರದು.

ಆರ್ದ್ರತೆಯ ಶೇಕಡಾವಾರು ಅಂಕಿ ಎರಡರಲ್ಲಿಯೂ ಒಂದೇ ಆಗಿದ್ದರೂ ಬೆವರನ್ನು ಒಣಗಿಸುವ ಸಾಮರ್ಥ್ಯ ಮೂರರಲ್ಲಿ ಎರಡು ಪಾಲಿಗೂ ತುಸು ಕಡಿಮೆಯಾಯಿತು. ಅದರ ಮೇಲೆ, ಗಾಳಿ ಬೆಚ್ಚಗಿರುವುದರಿಂದ ನೇರವಾಗಿ ಹೋಗುವ ಶಾಖವೂ ಕುಗ್ಗುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ತಂಪು ಬೆಳಗಿನಲ್ಲಿ ಓಡಿದವರ ವೇಗವನ್ನು ಭಟ್ಕಳದ ಮೇ ತಿಂಗಳಿಗೆ ಗುರಿಯಾಗಿ ಇಟ್ಟುಕೊಳ್ಳುವುದು ಸರಿಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಪರಿಹಾರವೇನು? ಮಾರ್ಗೇರಿಯಾ ಅವರ ನಿಯಮದಲ್ಲಿಯೇ ಪರಿಹಾರವಿದೆ. 20 ಕಿಲೋಮೀಟರಿಗೆ ಹುಟ್ಟುವ ಒಟ್ಟು ಶಾಖ ವೇಗದಿಂದ ಬದಲಾಗದು. ಆದರೆ ಅದು ಹುಟ್ಟುವ ದರ ಬದಲಾಗುತ್ತದೆ. ಎರಡು ಗಂಟೆಯಲ್ಲಿ ಓಡಿದರೆ ಗಂಟೆಗೆ 480 ಕಿಲೋಕ್ಯಾಲೊರಿ. ನಡುನಡುವೆ ನಡೆಯುತ್ತ ಮೂರು ಗಂಟೆಯಲ್ಲಿ ಮುಗಿಸಿದರೆ ಗಂಟೆಗೆ 320ನ್ನು ಮೀರದು. ಗಾಳಿಯ ಸಾಮರ್ಥ್ಯ ಮೂರರಲ್ಲಿ ಎರಡಕ್ಕೆ ಇಳಿದಾಗ ಶಾಖದ ದರವನ್ನೂ ಮೂರರಲ್ಲಿ ಎರಡಕ್ಕೆ ಇಳಿಸಿದಂತಾಯಿತು. ದಾನಿಗಳು ವಚನ ಕೊಟ್ಟಿರುವುದು ಕಿಲೋಮೀಟರಿಗೆ, ನಿಮಿಷಕ್ಕಲ್ಲ. ನಿಧಾನವಾಗಿ ಓಡಿದುದರಿಂದ ರೋಗಿಗೆ ತಲುಪುವ ಹಣ ಒಂದು ಪೈಸೆಯೂ ಕಡಿಮೆಯಾಗದು. ಆದ್ದರಿಂದ ಪರೋಪಕಾರಕ್ಕಾಗಿ ಓಡುವವನು ದೂರವನ್ನು ಪಣವಾಗಿಡಬೇಕು, ವೇಗವನ್ನಲ್ಲ.

ಬಿಸಿಗೆ ಒಗ್ಗಿಕೊಳ್ಳಲು ದೇಹಕ್ಕೆ ಹತ್ತರಿಂದ ಹದಿನಾಲ್ಕು ದಿನಗಳು ಬೇಕು. ಆ ಅವಧಿಯಲ್ಲಿ ದೂರವನ್ನೂ ವೇಗವನ್ನೂ ತಗ್ಗಿಸಬೇಕು. ಓಡುತ್ತಿರುವವನು ತೊದಲಿದರೆ, ತೂರಾಡಿದರೆ, ಅಸಂಬದ್ಧವಾಗಿ ಮಾತನಾಡಿದರೆ ಅದನ್ನು ಬರಿಯ ಆಯಾಸವೆಂದು ಭಾವಿಸಬಾರದು. ಒಡನೆಯೇ ನೆರಳಿಗೆ ಕರೆದೊಯ್ದು ಮೈಮೇಲೆಲ್ಲ ತಣ್ಣೀರು ಸುರಿದು, ಗಾಳಿ ಬೀಸಿ, ವೈದ್ಯರ ನೆರವು ಪಡೆಯಬೇಕು.

ಮರಳೋ, ರಸ್ತೆಯೋ?

ರಾಷ್ಟ್ರೀಯ ಹೆದ್ದಾರಿ 66ರ ವಾಹನಗಳ ನಡುವೆ ಓಡುವುದು ಕ್ಷೇಮವಲ್ಲ. ಸಮುದ್ರತೀರ ಹತ್ತಿರದಲ್ಲಿಯೇ ಇರುವಾಗ ಅಲ್ಲಿ ಓಡಬಾರದೇಕೆ? ಓಡಬಹುದು, ಆದರೆ ಒಣಮರಳಿನಲ್ಲಿ ಓಡಲು ಗಟ್ಟಿನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕೆಂದು ಬೆಲ್ಜಿಯಂ ದೇಶದ ಸಂಶೋಧಕರು 1998ರಲ್ಲಿ ತೋರಿಸಿದರು. ಗಟ್ಟಿನೆಲದ ಮೇಲೆ ಕಾಲಿನ ಸ್ನಾಯುರಜ್ಜುಗಳು ಸ್ಪ್ರಿಂಗುಗಳಂತೆ ಹಿಗ್ಗಿ ಶಕ್ತಿಯ ಒಂದಂಶವನ್ನು ಮರಳಿ ಕೊಡುತ್ತವೆ. ಮರಳನ್ನು ಸರಿಸಲು ವ್ಯಯವಾದ ಶಕ್ತಿಯಾದರೋ ಮರಳಿ ಬಾರದು. ಕಾಸರಕೋಡಿನ ಒಣಮರಳಿನಲ್ಲಿ 5 ಕಿಲೋಮೀಟರ್ ಓಡಿದವನ ದೇಹಕ್ಕೆ ಅದು 8 ಕಿಲೋಮೀಟರಿನ ಓಟ. ಅಲೆ ತೊಯ್ದು ಹಿಂದೆ ಸರಿದ ಒದ್ದೆಮರಳು ಬಿಗಿಯಾಗಿರುವುದರಿಂದ ಅಲ್ಲಿ ಓಡುವುದು ಮೇಲು.

ಹನ್ನೆರಡು ತಿಂಗಳ ಗುರಿ

ಈಗ ಸಂಕಲ್ಪವನ್ನು ಅಂಕಿಗಳಲ್ಲಿ ಬರೆಯೋಣ. ಕುಮಟೆಯಿಂದ ಹೊನ್ನಾವರದ ಮೂಲಕ ಭಟ್ಕಳಕ್ಕೆ ಸುಮಾರು 60 ಕಿಲೋಮೀಟರ್. ಅದನ್ನು ಒಂದೇ ದಿನ ಓಡುವೆನೆಂಬ ಸಂಕಲ್ಪ ಕೇಳಲು ಆಕರ್ಷಕ; ಹೊಸಬನಿಗೆ ಅದು ತಕ್ಕುದಲ್ಲ. ವರ್ಷದಲ್ಲಿ ಅದರ ಹತ್ತು ಪಟ್ಟು, ಎಂದರೆ 600 ಕಿಲೋಮೀಟರ್, ತುಂಡುತುಂಡಾಗಿ ಓಡುವೆನೆಂಬುದು ಸಾಧ್ಯವಾದ ಸಂಕಲ್ಪ. ಜನವರಿಯಲ್ಲಿ 30, ಫೆಬ್ರವರಿಯಲ್ಲಿ 40, ಮಾರ್ಚಿನಲ್ಲಿ 55 ಎಂದು ಏರಿಸಿ, ಸೆಕೆಯ ಏಪ್ರಿಲ್, ಮೇ ತಿಂಗಳುಗಳಲ್ಲಿ 45ಕ್ಕೂ 35ಕ್ಕೂ ಇಳಿಸಬೇಕು. ಮಳೆಗಾಲದ ಜೂನ್, ಜುಲೈಗಳಲ್ಲಿ 40ರಂತೆ, ಆಗಸ್ಟಿನಲ್ಲಿ 45, ಸೆಪ್ಟೆಂಬರಿನಲ್ಲಿ 55, ಅಕ್ಟೋಬರಿನಲ್ಲಿ 65, ಕೊನೆಯ ಎರಡು ತಿಂಗಳು 75ರಂತೆ ಓಡಿದರೆ ಒಟ್ಟು 600 ಆಗುತ್ತದೆ. ಇಪ್ಪತ್ತು ಮಂದಿ ದಾನಿಗಳು ಕಿಲೋಮೀಟರಿಗೆ 10 ರೂಪಾಯಿಯಂತೆ ಕೊಟ್ಟರೆ 1,20,000 ರೂಪಾಯಿ ಕೂಡುತ್ತದೆ. ದುಬೈಯಲ್ಲಿ ದುಡಿಯುವ ಅಣ್ಣನೂ ಊರಿನಲ್ಲಿರುವ ಸೋದರಮಾವನೂ ತಿಂಗಳು ತಿಂಗಳು ಕೊಡಬಹುದಾದ ಸಣ್ಣ ಮೊತ್ತ ಇದು.

ವೇಗದ ಗುರಿಯೂ ಬೇಕೆನ್ನುವವರು ಅದನ್ನು ತಂಪುದಿನಗಳಿಗೆ ಮೀಸಲಿಡಲಿ. ಪೀಟರ್ ರೀಗೆಲ್ ಎಂಬ ಅಮೆರಿಕದ ಎಂಜಿನಿಯರು 1977ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು: ದೂರವು ಎಷ್ಟು ಪಟ್ಟು ಹೆಚ್ಚುತ್ತದೆಯೋ ಆ ಸಂಖ್ಯೆಯ 1.06ನೆಯ ಘಾತದಷ್ಟು ಪಟ್ಟು ಕಾಲ ಹೆಚ್ಚುತ್ತದೆ. 5 ಕಿಲೋಮೀಟರನ್ನು 30 ನಿಮಿಷದಲ್ಲಿ ಓಡುವವನು 10 ಕಿಲೋಮೀಟರಿಗೆ 60 ನಿಮಿಷವಲ್ಲ, ಸುಮಾರು 62½ ನಿಮಿಷ ತೆಗೆದುಕೊಳ್ಳುತ್ತಾನೆ. ಲಾಗರಿದಮ್ ಕೋಷ್ಟಕದಿಂದ ಇದನ್ನು ಸುಲಭವಾಗಿ ಸಾಧಿಸಬಹುದು.

ಸಂಕಲ್ಪದ ನಡುವೆ ಜ್ವರವೋ ಕಾಲುನೋವೋ ಬಂದು ಓಟ ನಿಂತರೆ? ಟೆರಿ ಫಾಕ್ಸ್ ತನ್ನ ಓಟವನ್ನು ಪೂರೈಸಲಿಲ್ಲ. ದೇಶದ ಪಶ್ಚಿಮತೀರ ಇನ್ನೂ ದೂರವಿರುವಾಗಲೇ ನಿಂತ. ದೇಶದ ಪ್ರತಿಯೊಬ್ಬನಿಂದ ಒಂದು ಡಾಲರ್ ಎಂಬುದು ಅವನ ಗುರಿಯಾಗಿತ್ತು. ಅವನು ನಿಂತ ಮೇಲೆಯೂ ಜನ ಕೊಡುತ್ತಲೇ ಹೋದರು. 1981ರ ಫೆಬ್ರವರಿಯ ವೇಳೆಗೆ 2 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚು ಕೂಡಿ ಆ ಗುರಿ ಈಡೇರಿತು. ಆ ವರ್ಷದ ಜೂನ್ 28ರಂದು ಅವನು ತೀರಿಕೊಂಡ. ಓಡಿದ ಕಿಲೋಮೀಟರುಗಳು ಲೆಕ್ಕದಲ್ಲಿ ಉಳಿಯುತ್ತವೆ; ನಿಂತುದರಿಂದ ಅವು ಅಳಿಸಿಹೋಗುವುದಿಲ್ಲ. ಸಂಕಲ್ಪದ ಪತ್ರ ಬರೆಯುವಾಗಲೇ ‘ಓಡಿದಷ್ಟಕ್ಕೆ’ ಎಂಬ ಒಂದು ಪದವನ್ನು ದಾನಿಗಳ ಒಪ್ಪಿಗೆಯಿಂದ ಸೇರಿಸಿಕೊಂಡರೆ, ನಿಲ್ಲಬೇಕಾದಾಗ ನಿಲ್ಲುವ ಸ್ವಾತಂತ್ರ್ಯ ಓಟಗಾರನಿಗೆ ಇರುತ್ತದೆ.

ಅಭ್ಯಾಸಕ್ಕೆ

1. ಹೊನ್ನಾವರದಿಂದ ಭಟ್ಕಳಕ್ಕೆ 40 ಕಿಲೋಮೀಟರ್ ಎಂದಿಟ್ಟುಕೊಂಡು, 50 ಕಿಲೋಗ್ರಾಂ ತೂಕದವನು ಅಷ್ಟು ದೂರ ಓಡಿದರೆ ಹುಟ್ಟುವ ಶಾಖವನ್ನೂ ಅದನ್ನು ಒಯ್ಯಲು ಆವಿಯಾಗಬೇಕಾದ ಬೆವರನ್ನೂ ಲೆಕ್ಕಹಾಕಿ. (ಉತ್ತರ: 1,600 ಕಿಲೋಕ್ಯಾಲೊರಿ, ಸುಮಾರು 2.76 ಲೀಟರ್)

2. 10 ಕಿಲೋಮೀಟರನ್ನು 64 ನಿಮಿಷದಲ್ಲಿ ಓಡುವವನಿಗೆ ರೀಗೆಲ್ ಸೂತ್ರದಂತೆ 21.1 ಕಿಲೋಮೀಟರಿಗೆ ಎಷ್ಟು ಕಾಲ ಬೇಕು? (ಉತ್ತರ: ಸುಮಾರು 141 ನಿಮಿಷ)

3. ಹುಬ್ಬಳ್ಳಿಯಲ್ಲಿ ಒಂದು ಮಧ್ಯಾಹ್ನ ಉಷ್ಣತೆ 36 ಡಿಗ್ರಿ, ಆರ್ದ್ರತೆ ಶೇಕಡಾ 30. 36 ಡಿಗ್ರಿಯಲ್ಲಿ ಸಂತೃಪ್ತ ಆವಿಯ ಒತ್ತಡ ಸುಮಾರು 45 ಮಿಲಿಮೀಟರ್. ಅಲ್ಲಿ ಬೆವರು ಕುಮಟೆಯ ಮೇ ಸಂಜೆಗಿಂತ ಬೇಗ ಒಣಗುವುದೇಕೆ? ಆದರೂ ಆ ಹೊತ್ತಿನಲ್ಲಿ ಓಡುವುದು ಹಿತವಲ್ಲವೇಕೆ? (ಸೂಚನೆ: ಗಾಳಿಯ ಉಷ್ಣತೆಯನ್ನು ಚರ್ಮದ ಉಷ್ಣತೆಯೊಡನೆ ಹೋಲಿಸಿ, ಬಿಸಿಲನ್ನು ಮರೆಯದಿರಿ.)